ಕ್ಲಚ್ ಮೇಲಿನ ಕಾಲು

ಕ್ಲಚ್ ಸುಟ್ಟ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಅಪ್ಪನ ಬರಿಗಾಲು ನೆನಪಾಗುತ್ತದೆ.

ಇಪ್ಪತ್ತು ವರ್ಷ ಎಸ್ಟೇಟಿನ ಜೀಪ್ ಓಡಿಸಿದ ಅಪ್ಪ ಕೊನೆಗೂ ಸ್ವಂತಕ್ಕೊಂದು ಹೊಸ ಕಾರು ತಂದಿದ್ದರು. ಸುಂಟಿಕೊಪ್ಪ ದಾಟಿ ಮಡಿಕೇರಿಯ ಏರು ಸಿಕ್ಕಿದ್ದೇ ತಡ, ಅದು ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ನಾನು ಇಳಿದು ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲಿಡಬೇಕು. ಅದಕ್ಕೆಂದೇ ಕಾರಿನಲ್ಲೊಂದು ಕಲ್ಲಿತ್ತು. ಮೈಸೂರಿನ ಶೋರೂಮಿನವರು ಮೂರು ಸಲ ಅಲ್ಲಿನ ಸಮ ರಸ್ತೆಯಲ್ಲಿ ಓಡಿಸಿ ನೋಡಿ, ಏನೂ ತೊಂದರೆಯಿಲ್ಲ ಎಂದು ವಾಪಸ್ ಕಳಿಸಿದ್ದರು.

ಆ ಮಧ್ಯಾಹ್ನ ಮತ್ತೆ ನಿಂತಿತು. ಕಾರಿನ ತುಂಬ ಅದೇ ವಾಸನೆ. ಅಪ್ಪ ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು, "ನೀವು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ ಸರ್, ಅದಕ್ಕೇ ಹೀಗಾಗೋದು" ಎಂದಳು.

"ಇಲ್ಲಮ್ಮ, ನಾನು ಜೀಪ್ ಡ್ರೈವರು..." ಅಪ್ಪ ಮುಗಿಸುವಷ್ಟರಲ್ಲಿ ಫೋನ್ ಕಟ್ಟಾಯಿತು.

ಕೈಗೆ ಮೆತ್ತಿದ್ದ ಕೆಸರು ಒರೆಸಿಕೊಳ್ಳುತ್ತಾ ನಾನು ಸಿಡುಕಿದೆ: "ಅವ್ರು ಹೇಳಿದ್ದೇ ಸರಿ. ಕಾಲು ತೆಗೀಬಾರ್ದಾ ಅಪ್ಪ?"

ಅಪ್ಪ ಮರುದಿನದಿಂದ ಚಪ್ಪಲಿ ಬಿಚ್ಚಿಟ್ಟು ಓಡಿಸತೊಡಗಿದರು. ಏರು ಬಂದಾಗಲೆಲ್ಲ ಎಡಗಾಲನ್ನು ಪೆಡಲಿನಿಂದ ದೂರ ಸರಿಸಿ, "ನೋಡು ಮಗ, ಕಾಲಿಟ್ಟಿಲ್ಲ" ಎನ್ನುತ್ತಿದ್ದರು. ಆದರೂ ಕಾರು ಜಗ್ಗುತ್ತಲೇ ಇತ್ತು.

ನಾನು ತೊಡೆಯ ಮೇಲೆ ಕಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದೆ.