ಈರಪ್ಪನ ಭೂತಕಾಲ

ಸತ್ತವರ ದನಿಯನ್ನು ಮನೆಯ ಪೆಟ್ಟಿಗೆಯಲ್ಲಿ ಒಂದು ವರ್ಷ ಇಟ್ಟುಕೊಳ್ಳಬಹುದಿತ್ತು. ಅಷ್ಟರೊಳಗೆ ಮನೆಯವರು ಅವರ ಬಗ್ಗೆ ಇಂಗ್ಲಿಷಿನ ಭೂತಕಾಲದಲ್ಲಿ ಒಂದು ವಾಕ್ಯ ಹೇಳಿದರೆ ದನಿ ನಿಲ್ಲುತ್ತಿತ್ತು. ಇಲ್ಲವಾದರೆ ಪೆಟ್ಟಿಗೆ ಕೊಟ್ಟ ಆಫೀಸಿನವರೇ ಬಂದು ನಿಲ್ಲಿಸುತ್ತಿದ್ದರು. ಹುಬ್ಬಳ್ಳಿಯ ಶಾರವ್ವ ತೀರಿಹೋದ ಗಂಡ ಈರಪ್ಪನ ಸಲುವಾಗಿ ಆರು ತಿಂಗಳು ಕ್ಲಾಸಿಗೆ ಹೋಗಿದ್ದಳು. ಗೋ ಎಂಬುದು ವೆಂಟ್ ಆಗುವುದು, ಈಟ್ ಎಂಬುದು ಏಟ್ ಆಗುವುದು ಅವಳಿಗೆ ಬಾಯಿಪಾಠವಾಗಿತ್ತು.

ವರ್ಷದ ಕೊನೆಯ ದಿನ ಮುಂಜಾನೆ ಪೆಟ್ಟಿಗೆಯ ಮುಂದೆ ಕೂತು, “ಈರಪ್ಪ ಮೇಕ್ಸ್ ಟೀ,” ಎಂದಳು.

“ಮೇಕ್ಸ್ ಅಲ್ಲ, ಮೇಡ್,” ಎಂದಿತು ಗಂಡನ ದನಿ.

“ಗೊತ್ತೈತ್ರಿ. ನಾಲಿಗಿ ಹೊಳ್ಳವಲ್ದು.”

“ಯಾರೋ ಬಂದು ನನ್ನ ಬಾಯಿ ಮುಚ್ಚಸೂದು ಬ್ಯಾಡ, ಶಾರೀ. ನೀನ ಹೇಳು.”

ಶಾರವ್ವ ಕಣ್ಣು ಮುಚ್ಚಿ, “ಈರಪ್ಪ ಮೇಡ್ ಟೀ,” ಎಂದಳು. ಒಂದೂ ತಪ್ಪಿರಲಿಲ್ಲ. ಶಾಭಾಸ್ ಎನ್ನಲು ಪೆಟ್ಟಿಗೆಯಲ್ಲಿ ಯಾರೂ ಇರಲಿಲ್ಲ.