ಊದುಗೊಳವೆ

“ಊದಬೇಡಿ ಸರ್, ಎಳ್ಕೊಳ್ಳಿ!” ಫಿಸಿಯೋ ಮೂರನೇ ಸಲ ಹೇಳಿದಳು. ಮುದುಕನ ಕತ್ತಿನಲ್ಲಿ ಕೊರೆದ ತೂತಿನ ನಳಿಗೆಗೆ ಅವಳು ಹೆಬ್ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಸಿಕ್ಕಿಸಿದ್ದಳು. ಒಳಗೊಂದು ಸ್ಪ್ರಿಂಗ್. ಜೋರಾಗಿ ಉಸಿರೆಳೆದರೆ ಮಾತ್ರ ಅದು ಸರಿದು ಗಾಳಿಗೆ ದಾರಿ ಬಿಡುತ್ತದೆ. ಇಪ್ಪತ್ತೆರಡು ದಿನ ವೆಂಟಿಲೇಟರೇ ಉಸಿರಾಡಿಸಿದ್ದರಿಂದ ಸೋಮಾರಿಯಾದ ಎದೆಗೆ ದಿನಕ್ಕೆ ಮೂವತ್ತು ಸಲ ಈ ತಾಲೀಮು. ಮುದುಕನೋ, ‘ಉಸಿರು’ ಅಂದ ಕೂಡಲೇ ಕೆನ್ನೆ ಉಬ್ಬಿಸುತ್ತಿದ್ದ.

“ಅವನ ತಪ್ಪಲ್ಲ ಕಣಮ್ಮ,” ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವನ ಅಕ್ಕ ಅಂದಳು. “ಅಕ್ಕಸಾಲಿ ಅವನು. ಐವತ್ತಾರು ವರ್ಷ ಊದುಗೊಳವೆ ಕಚ್ಕೊಂಡು ಬೆಂಕಿ ಊದಿದ್ದಾನೆ. ಎಳ್ಕೊಳ್ಳಿ ಅಂದ್ರೆ ಅವನಿಗೆಲ್ಲಿ ತಿಳಿಯುತ್ತೆ?” ಆಮೇಲೆ ತಮ್ಮನ ಕಿವಿಯ ಹತ್ತಿರ ಬಾಗಿದಳು. “ಲೋ, ಉರಿ ಆರಬಾರ್ದು ಅಂತ ಕೆನ್ನೇಲಿ ಗಾಳಿ ಇಟ್ಕೊಂಡು ಊದ್ತಾ ಊದ್ತಾನೇ ಮೂಗಲ್ಲಿ ಎಳ್ಕೊಳ್ತಿದ್ಯಲ್ಲ, ಆ ಎಳೆಯೋದನ್ನ ಮಾತ್ರ ಮಾಡು. ಊದೋದು ಮರೆತುಬಿಡು.”

ಡಬ್ಬಿ ‘ಟಕ್’ ಅಂದಿತು. ಮತ್ತೆ ಟಕ್. ಫಿಸಿಯೋ ಆರರವರೆಗೆ ಎಣಿಸಿ ನಕ್ಕುಬಿಟ್ಟಳು. “ನಾನು ಮೂರು ದಿನದಿಂದ ಗಂಟಲು ಹರ್ಕೊಂಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ನಿಮಗೆ ಇದೆಲ್ಲ ಹೇಗಮ್ಮಾ ಗೊತ್ತು?”

“ನೋಡಿ ನೋಡಿ ಬಂತು,” ಎಂದು ಅಕ್ಕ ತಮ್ಮನ ಹೊದಿಕೆ ಸರಿಮಾಡಿದಳು.

ಎರಡು ಗಂಟೆ ಸುಧಾರಿಸಿಕೊಂಡ ಮೇಲೆ ನಿಜವಾದ ಪರೀಕ್ಷೆ. ಯಂತ್ರದ ಕೊಳವೆ ಕಳಚಿ, ಕತ್ತಿನ ನಳಿಗೆಗೆ ಮಾತು ಹೊರಡಿಸುವ ಪುಟ್ಟ ಮುಚ್ಚಳ ಹಾಕಿದರು. ಒಂದು ಗಂಟೆ ತಾನೇ ಉಸಿರಾಡಿದರೆ ಯಂತ್ರ ಕೋಣೆಯಿಂದ ಆಚೆ. ಇಲ್ಲದಿದ್ದರೆ ಇನ್ನೊಂದು ವಾರ. ಈ ವಯಸ್ಸಿಗೆ ವಾರ ಕಳೆದಷ್ಟೂ ಯಂತ್ರ ಬಿಡುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. “ಮಾತಾಡಿ ಉಸಿರು ದಂಡ ಮಾಡಬೇಡಿ ಸರ್,” ಎಂದು ಫಿಸಿಯೋ ಮಾನಿಟರಿನ ಪರದೆಯ ಮೇಲೆ ಕಣ್ಣಿಟ್ಟು ಕೂತಳು.

ನಲವತ್ತೈದು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಅವನು ಅಕ್ಕನ ಕೈ ಹಿಡಿದುಕೊಂಡ. ತಗಡು ಉಜ್ಜಿದಂಥ ದನಿ ಬಂತು. “ಅಕ್ಕಾ… ನಾನು… ಉಸಿರು ಬಿಟ್ಟಿಲ್ಲ.”

ಫಿಸಿಯೋ ಎಗರಿ ನಿಂತಳು. “ಬಿಡಿ ಸರ್! ನಿಧಾನವಾಗಿ ಬಿಡಿ!” ಅಷ್ಟರಲ್ಲಿ ಅವಳ ಒಂದು ಕೈ ಯಂತ್ರದ ಕೊಳವೆಗೆ ಹೋಗಿತ್ತು. ಅಕ್ಕ ಆ ಕೈಯನ್ನು ಗಬಕ್ಕನೆ ಹಿಡಿದಳು. “ತಡಿ ಮಗಳೇ. ಅವನು ಹೇಳ್ತಿರೋದು ಈ ಉಸಿರಲ್ಲ.”

ಅದು ಹಳೆಯ ಮಾತು. ಆಗ ಅಕ್ಕನಿಗೆ ಹತ್ತೊಂಬತ್ತು, ಅವನಿಗೆ ಹದಿನಾರು. ಒಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ತಮ್ಮ ಜಾಲರಿ ಓಲೆಯ ಬೆಸುಗೆ ಕೆಡಿಸಿಕೊಂಡು ಅಳುತ್ತಿದ್ದ. ಹೆಣ್ಣುಮಕ್ಕಳು ಅಗ್ಗಿಷ್ಟಿಕೆಯ ಮುಂದೆ ಕೂರಕೂಡದು ಎಂಬುದು ಅಪ್ಪನ ಕಟ್ಟಪ್ಪಣೆ. ಇದ್ದಿಲು ತಂದುಕೊಡುತ್ತ ಕಣ್ಣಲ್ಲೇ ಕೆಲಸ ಕಲಿತಿದ್ದ ಅವಳು ಅವತ್ತು ಕೂತೇಬಿಟ್ಟಳು. ನೀಲಿ ಉರಿಯ ಸಣ್ಣ ಸದ್ದು, ನಾಲಿಗೆಯ ಮೇಲೆ ಊದುಗೊಳವೆಯ ಹಿತ್ತಾಳೆ ರುಚಿ, ಕೂದಲೆಳೆಯಂಥ ತಂತಿಗಳು ಒಂದನ್ನೊಂದು ಹಿಡಿದುಕೊಂಡ ಆ ಗಳಿಗೆ. ಅಂಥ ಸುಖದ ಮಧ್ಯಾಹ್ನ ಅವಳಿಗೆ ಮತ್ತೆ ಸಿಗಲಿಲ್ಲ. ಸಂಜೆ ಅಪ್ಪ ಆ ಓಲೆಯನ್ನು ಬೆಳಕಿಗೆ ಹಿಡಿದು ನೋಡಿ, ಮಗನ ಕೈಕೆಲಸವೆಂದೇ ನಂಬಿ, ಅವನನ್ನು ಎಳೆದು ತನ್ನ ಮಣೆಯ ಮೇಲೆ ಕೂರಿಸಿದ. ಊರು ಅವನನ್ನು ‘ಜಾಲರಿ’ ಎಂದೇ ಕರೆಯಿತು. “ಯಾರ ಹತ್ರಾನೂ ಉಸಿರು ಬಿಡಬೇಡ” ಎಂದು ಹೆದರಿಸಿದವಳು ಅವಳೇ. ಆಮೇಲೆ ಅವಳು ಊದುಗೊಳವೆ ಮುಟ್ಟಲಿಲ್ಲ.

“ಸುಮ್ನಿರೋ ಈಗ,” ಅಕ್ಕ ಅಂದಳು. “ಇನ್ನು ಹದಿನೈದೇ ನಿಮಿಷ.”

ಅವನು ಕೇಳಲಿಲ್ಲ. ಫಿಸಿಯೋ ಕಡೆ ತಿರುಗಿದ. ಒಂದು ಉಸಿರಿಗೆ ಎರಡು-ಮೂರೇ ಮಾತು. “ಆ ಮೊದಲ್ನೇ ಓಲೆ… ನಂದಲ್ಲ. ಇವಳದು. ಅಕ್ಕಸಾಲಿ… ಅಕ್ಕನ ಚಿನ್ನಾನೂ… ಬಿಡಲ್ಲ ಅಂತಾರಲ್ಲ. ನಾನು… ಅಕ್ಕನ ಹೆಸರೇ… ಹೊಡ್ಕೊಂಡೆ.”

ಪರದೆಯ ಮೇಲಿನ ಆಮ್ಲಜನಕದ ಅಂಕಿ ತೊಂಬತ್ತನಾಲ್ಕರಿಂದ ತೊಂಬತ್ತೊಂದಕ್ಕೆ ಬಿತ್ತು, ತೊಂಬತ್ತಕ್ಕೂ ಬಿತ್ತು. ಫಿಸಿಯೋ ಕೊಳವೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. “ಎಳ್ಕೊಳೋ!” ಎಂದು ಅಕ್ಕ ಕೂಗಿದಳು. ಅವನು ಎಳೆದ, ಪಕ್ಕೆಲುಬು ಎದ್ದು ಕಾಣುವಂತೆ. ಮತ್ತೊಮ್ಮೆ ಎಳೆದ. ತೊಂಬತ್ತೆರಡು. ತೊಂಬತ್ತೈದು.

ಗಂಟೆ ತುಂಬಿದಾಗ ಫಿಸಿಯೋ ಯಂತ್ರದ ಕೊಳವೆಯನ್ನು ಸುತ್ತಿ ಕೊಕ್ಕೆಗೆ ಹಾಕಿ, ಡಾಕ್ಟರನ್ನು ಕರೆಯಲು ಓಡಿದಳು. ಅಕ್ಕನ ಕಣ್ಣು ತುಂಬಿತ್ತು. ಅದು ಸಂತೋಷವೋ ಸಿಟ್ಟೋ ಅವಳಿಗೇ ಗೊತ್ತಿರಲಿಲ್ಲ. ಅವನ ಎದೆಯ ಮೇಲೆ ಅಂಗೈ ಇಟ್ಟು ಅಂದಳು:

“ಇಷ್ಟು ಹೇಳೋಕೆ ಎದೆ ಗಟ್ಟಿಯಾಗ್ಬೇಕಾದ್ರೆ ಆ ಡಬ್ಬಿನೇ ಬರ್ಬೇಕಾಯ್ತೇನೋ, ಪಾಪಿ?”