ಅಳುವ ಹಾಡು

"ನನ್ನ ಹೆಸರ ಬ್ಯಾಡ್ರಿ ಅತ್ತಿ," ಎಂದು ಸೋನಾಲಿ ಪೆನ್ನು ಕೆಳಗಿಟ್ಟಳು.

ಜತ್ತಿನ ವಕೀಲರು ಮರಾಠಿಯಲ್ಲಿ ಬರೆದುಕೊಟ್ಟ ಕಾಗದ ಇಬ್ಬರ ನಡುವೆ ಇತ್ತು. ಮುಂದೆಂದಾದರೂ ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರೆ ಅತ್ತೆ ಭಾಗವ್ವನ ಗಂಟಲಿಗೆ ನಳಿಗೆ ಹಾಕಬಾರದು, ಮಷೀನಿನಿಂದ ಉಸಿರಾಡಿಸಬಾರದು, ಬಿಳೂರಿನ ಮನೆಗೆ ಕರೆತರಬೇಕು ಎಂದು ಅದರಲ್ಲಿತ್ತು. ಆಗ ಅವಳ ಪರವಾಗಿ ಮಾತಾಡಬೇಕಾದವಳು ಸೊಸೆ ಸೋನಾಲಿ. ಮಗನ ಹೆಸರು ಬೇಡವೆಂದು ಭಾಗವ್ವನೇ ಹೇಳಿದ್ದಳು. ಗಂಡ ಅಣ್ಣಾರಾಯ ದೊಡ್ಡ ದವಾಖಾನೆಯಲ್ಲಿ ಹದಿನೇಳು ದಿನ ಮಷೀನಿನ ಮೇಲಿದ್ದಾಗ, ಮುಂದೇನು ಮಾಡೋಣ ಎಂದು ಡಾಕ್ಟರು ಕೇಳಿದಾಗಲೆಲ್ಲ ಶಂಕರಲಿಂಗ ಚಹಾ ಕುಡಿಯಲು ಹೋಗುತ್ತಿದ್ದ. ಒಳ್ಳೆಯ ಮಗ. ಆದರೆ 'ಸಾಕು' ಎಂಬ ಎರಡಕ್ಷರ ಅವನ ಬಾಯಿಂದ ಹೊರಡುವಂಥದ್ದಲ್ಲ.

"ಯಾಕ ಬ್ಯಾಡ?"

"ಹ್ವಾದ ತಿಂಗಳ ಕಾಳವ್ವ ಸತ್ತಾಗ ನೋಡಿದ್ರಿಲ್ಲ? ಡಾಕ್ಟರೇ ಮನಿಗಿ ಒಯ್ರಿ ಅಂದಿದ್ರು. ಆದ್ರೂ ಯಲ್ಲವ್ವತ್ತಿ ಹೆಣದ ಮುಂದ ಕುಂತು ಏನ ಹಾಡಿದ್ರು? 'ಸಲೈನ ಕೀಳಿಸಿದ ಸೊಸಿ ಎಲ್ಲಿ ಕುಂತಾಳ, ಕಣ್ಣಾಗ ನೀರ ಇಲ್ಲ ನೋಡವ್ವಾ' ಅಂತ. ಕಾಳವ್ವನ ಸೊಸಿ ವಿದ್ಯಾವತಿ ಇನ್ನೂ ತಲಿ ಎತ್ತಿ ಓಣ್ಯಾಗ ಅಡ್ಡಾಡವಲ್ಲಳು. ಗಡಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಾಕ ಆಗ್ತದೇನ್ರಿ?"

ಭಾಗವ್ವ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಊರ ಬಾಯಿ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಓಣಿ ದಾಟಿದರೆ ಸಿಗುತ್ತದೆ, ಅದೂ ಅವಳ ಸ್ವಂತ ನಾದಿನಿ ಯಲ್ಲವ್ವನದು. ಬಿಳೂರಿನಲ್ಲಿ ಯಾರೇ ಸತ್ತರೂ ಹಾಡಿ ಅಳಲು ಯಲ್ಲವ್ವನೇ ಬರಬೇಕು. ಸತ್ತವರನ್ನು ಹೊಗಳುವ ನಡುವೆ ಅವಳು ಇದ್ದವರಲ್ಲಿ ಯಾರ ಮೇಲೆ ಬೆರಳು ತೋರಿಸುತ್ತಾಳೋ, ಅವರಿಗೆ ಅದೇ ಕೋರ್ಟು, ಅದೇ ತೀರ್ಪು. ಅಪೀಲು ಇಲ್ಲ.

"ನಡಿ," ಎಂದಳು ಭಾಗವ್ವ.

ಯಲ್ಲವ್ವ ಬಾಗಿಲ ಮುಂದೆ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕೂತಿದ್ದಳು. "ಬರ್ರಿ ವೈನಿ, ಕುಂದ್ರಿ," ಎಂದು ಅತ್ತಿಗೆಯನ್ನು ಕರೆದಳು.

"ಕುಂದ್ರಾಕ ಬಂದಿಲ್ಲ. ನಾ ಸತ್ತರ ಏನಂತ ಹಾಡ್ಕೊಂಡ ಅಳ್ತಿ? ಈಗ ಹೇಳು."

"ಬಿಡ್ತು ಅನ್ರಿ! ಬದುಕಿದಾಕಿ ಮುಂದ ಸಾವಿನ ಹಾಡ ಹಾಡ್ತಾರೇನು? ಮತ್ತ ಅದೇನ ಮೊದಲ ಕಟ್ಟಿ ಇಟ್ಟಿರ್ತೀನಾ? ದುಃಖದಾಗ ಬಾಯಿಗಿ ಬಂದದ್ದು ಬರ್ತದ."

"ವಿದ್ಯಾವತಿ ಮ್ಯಾಲ ಪ್ರಾಸ ಕೂಡಿಸಿ ಬಂತಲ್ಲ!"

ಯಲ್ಲವ್ವ ಇನ್ನೊಂದು ಕಡ್ಡಿ ಕಿತ್ತಳು. ಕಾಗದದಲ್ಲಿ ಏನಿದೆಯೆಂದು ಭಾಗವ್ವ ಹೇಳಿದಾಗ ಮಾತ್ರ ಅವಳ ಮುಖ ಗಂಟಾಯಿತು. "ಇದ್ದ ಜೀವಾನ ಸೊಸಿ ಕೈಯಾಗ ಕೊಡ್ತೀರಿ? ನಮ್ಮಣ್ಣಗ ಎಷ್ಟ ಚಲೋ ಉಪಚಾರ ಆತು. ರಾಜನಂಗ ಹ್ವಾದ."

"ನಿಮ್ಮಣ್ಣನ ಕೈ ಮಂಚಕ್ಕ ಕಟ್ಟಿದ್ರು, ಯಲ್ಲವ್ವ. ನಳಿಗಿ ಕಿತ್ತಗೋತಾನಂತ. ಮಾತಾಡಾಕ ಬರತಿರಲಿಲ್ಲ. ನನ್ನ ನೋಡಿ ಕಣ್ಣಿಲೆ ಬಿಚ್ಚು ಅಂತಿದ್ದ. ಹದಿನೇಳ ದಿನ. ನಾ ಬಿಚ್ಚಲಿಲ್ಲ."

ಇದುವರೆಗೆ ಯಾರಿಗೂ ಹೇಳದ ಮಾತು. ಭಾಗವ್ವ ಅಲ್ಲಿಗೇ ನಿಲ್ಲಿಸಲಿಲ್ಲ. "ನನ್ನ ಕೈ ಯಾರೂ ಕಟ್ಟಬಾರ್ದು. ಡಾಕ್ಟರ ಮುಂದ ನಿಂತು ಅದನ್ನ ಹೇಳಾಕಿ ಇಕಿ ಒಬ್ಬಾಕಿ. ನಿನ್ನ ಹಾಡಿಗಿ ಅಂಜಿ ಸಹಿ ಮಾಡವಲ್ಲಳು."

ಯಲ್ಲವ್ವ ದ್ರಾಕ್ಷಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಕೈ ಕಟ್ಟಿದ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಸೋನಾಲಿಯ ಕಡೆ ತಿರುಗಿದಳು. "ಮನಿಗಿ ಕರ್ಕೊಂಡ ಬರ್ತಿ? ಬಾಯಾಗ ನೀರ ಹಾಕ್ತಿ?"

"ಕರ್ಕೊಂಡ ಬರ್ತೀನ್ರಿ. ಆದ್ರ ನೀವೇನ ಹಾಡ್ತೀರಿ ಅನ್ನೂದು ಮೊದಲ ನಾ ಕೇಳಬೇಕು."

ಅತ್ತೆಯ ಗಾಳಿ ಸೊಸೆಗೂ ಸೋಕಿತ್ತು. ಯಲ್ಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ ದನಿ ತೆಗೆದಳು.

"ಸೊಸಿ ಕೈಯ ನೀರ ಕುಡಿದಿ, ನಿನ್ನ ಮನಿಯಾಗ ಮಲಗೀದಿ, ಯಾರೂ ಕೈಯ ಕಟ್ಟಲಿಲ್ಲವ್ವಾ, ನನ್ನ ವೈನೀ..."

ತೋರಿಸಲೆಂದು ಶುರುವಾದ ಹಾಡು ಎರಡನೆಯ ಸುತ್ತಿಗೆ ನಿಜವಾದ ಅಳುವಾಯಿತು. ಅವಳು ಅಣ್ಣನಿಗಾಗಿ ಅಳುತ್ತಿದ್ದಳು. ಸೋನಾಲಿ ಕಣ್ಣೊರೆಸಿಕೊಂಡು, "ಕೊಡ್ರಿ ಅತ್ತಿ, ಸಹಿ ಮಾಡ್ತೀನಿ," ಎಂದು ಕಾಗದಕ್ಕೆ ಕೈ ಚಾಚಿದಳು.

ಆ ದನಿ ಕೇಳಿದ್ದೇ ತಡ, ಓಣಿಯ ಹೆಂಗಸರೆಲ್ಲ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಏನಾತವ್ವ? ಯಾರ ಹ್ವಾದ್ರು?"

"ನಾನು," ಎಂದಳು ಭಾಗವ್ವ. "ಕುಂದ್ರಿ. ಪೂರಾ ಕೇಳ್ಕೊಂಡ ಹೋಗ್ರಿ."